ಎಂಟಕ್ಕೆ ಅಂಜುತ್ತಿದ್ದ ಗಡಿಯಾರ

ನನ್ನ ಕಸುಬನ್ನು ಯಾರಿಗಾದರೂ ತಿಳಿಸಿ ಹೇಳುವುದು ಭಾಳ ತ್ರಾಸಿನ ಕೆಲಸ. ಕನ್ಯೆ ನೋಡಲು ಹೋದ ದಿನ ಮಾವನವರು "ಏನ್ ಮಾಡ್ಕೊಂಡೀರಿ?" ಎಂದು ಕೇಳಿದರು. "ದೊಡ್ಡ ದೊಡ್ಡ ಅಂಕಿ ರಿಪೇರಿ ಮಾಡ್ತೇನ್ರಿ" ಎಂದೆ. ಅವರಿಗೆ ಏನು ತಿಳಿಯಿತೋ ಶಿವನೇ ಬಲ್ಲ, ಲೆಕ್ಕದ ಮಾಸ್ತರ ಅಳಿಯನಾಗಿ ಸಿಕ್ಕಿದ್ದಾನೆಂದು ಓಣಿ ತುಂಬ ಹೇಳಿಕೊಂಡು ಬಂದರು. ಅವರು ನನ್ನ ಅಂಗಡಿಯನ್ನು ಕಣ್ಣಾರೆ ನೋಡುವ ಹೊತ್ತಿಗೆ ಮಗಳ ಕೊರಳಿಗೆ ತಾಳಿ ಬಿದ್ದಾಗಿತ್ತು.

ಪೆಟ್ರೋಲ್ ಬಂಕಿನ ಎದುರು ದರ ತೋರಿಸುವ ಬೋರ್ಡು, ದವಾಖಾನೆಯ ಟೋಕನ್ ಬೋರ್ಡು, ಕಬಡ್ಡಿ ಮೈದಾನದ ಸ್ಕೋರ್ ಬೋರ್ಡು, ಕಲ್ಯಾಣ ಮಂಟಪದ ಗೋಡೆ ಗಡಿಯಾರ, ಹೀಗೆ ಕೆಂಪು ದೀಪದ ಅಂಕಿಗಳು ಎಲ್ಲಿ ಉರಿಯುವುದನ್ನು ಬಿಡುತ್ತವೆಯೋ ಅಲ್ಲಿ ನಾನು. ಬಾಗಲಕೋಟೆಯ ನವನಗರದಲ್ಲಿ ನನ್ನ ಅಂಗಡಿ. ಬೋರ್ಡು ಕೆಟ್ಟಿದೆ ಎಂದು ಫೋನು ಬಂದರೆ ಅದರ ಮುಖ ನೋಡದೆಯೇ ಹೇಳುತ್ತೇನೆ, ಕೆಟ್ಟಿರುವುದು ಪವರ್ ಸಪ್ಲೈ. ಗೋಡೆಯ ಕರೆಂಟನ್ನು ಹದಕ್ಕೆ ತಂದು ದೀಪಗಳಿಗೆ ಹಂಚುವ, ಮೈತುಂಬ ತೂತಿರುವ ತಗಡಿನ ಡಬ್ಬಿ ಅದು. ನಮ್ಮ ಬಿಸಿಲಿಗೆ, ಅದರಲ್ಲೂ ಬದಾಮಿಯ ಬಂಡೆಗಳ ಕಾವಿಗೆ, ಆ ಡಬ್ಬಿ ಎರಡು ಬೇಸಿಗೆ ದಾಟಿದರೆ ಪುಣ್ಯ. ಹಳೆಯದನ್ನು ಬಿಚ್ಚಿ ಹೊಸದನ್ನು ಹಚ್ಚುವುದೇ ನನ್ನ ಅನ್ನ. ನನ್ನ ಹೆಂಡತಿ ಇದನ್ನು "ಡಬ್ಬಿ ಧಂದೆ" ಎನ್ನುತ್ತಾಳೆ. ಹಾಗಂದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬರಲೆಂದೇ ಆಕೆ ಅನ್ನುತ್ತಾಳೆ.

ಈ ಡಬ್ಬಿ ಒಮ್ಮೆಲೇ ಸಾಯುವುದಿಲ್ಲ. ಮೊದಲು ಮುದಿಯಾಗುತ್ತದೆ. ಒಂದೊಂದು ಅಂಕಿಯೂ ಏಳು ಕಡ್ಡಿ ದೀಪಗಳಿಂದ ಆಗಿರುತ್ತದೆ. 1 ಬರೆಯಲು ಎರಡೇ ಕಡ್ಡಿ ಉರಿದರೆ ಸಾಕು, 8 ಬರೆಯಲು ಏಳೂ ಉರಿಯಬೇಕು. ಮುದಿ ಡಬ್ಬಿ ಒಂದನ್ನು ನಗುನಗುತ್ತ ಹೊರುತ್ತದೆ, ಎಂಟು ಬಂತೆಂದರೆ ಮೊಣಕಾಲೂರಿ ಕೂತುಬಿಡುತ್ತದೆ. ಹುನಗುಂದದ ಒಂದು ಖಾಸಗಿ ದವಾಖಾನೆಯಲ್ಲಿ ಹೀಗೇ ಆಗಿತ್ತು. ಎಂಟು ಇರುವ ಟೋಕನ್ ಬಂದಾಗೆಲ್ಲ ಬೋರ್ಡು ಕಪ್ಪಾಗುತ್ತಿತ್ತು. ಎಂಟನೇ ನಂಬರಿನವರ ರೋಗ ಡಾಕ್ಟರ ಕೈ ಮೀರಿದೆ ಎಂದು ಬೆಂಚಿನ ಮೇಲೆ ಕೂತ ಮಂದಿಯೇ ತೀರ್ಮಾನ ಮಾಡಿಬಿಟ್ಟಿದ್ದರು. ನಾನು ಹೋಗಿ ಡಬ್ಬಿ ಬದಲಿಸಿದ ದಿನ, ಹದಿನೆಂಟರ ಟೋಕನ್ ಹಿಡಿದು ನಡುಗುತ್ತಿದ್ದ ಮುದುಕಿಯೊಬ್ಬಳು ಬೋರ್ಡು ಝಗ್ಗೆಂದು ಹತ್ತಿದ್ದೇ, "ಬದುಕಿದೆ ನನ್ನಪ್ಪಾ" ಎಂದು ನನ್ನ ಕಾಲಿಗೆ ಬೀಳಲು ಬಂದಳು. ಡಾಕ್ಟರಿಗೆ ಅದು ಸರಿ ಕಾಣಲಿಲ್ಲ.

ಇರಲಿ, ನಾನು ಹೇಳಹೊರಟಿದ್ದು ಇಲಕಲ್ಲಿನ ಕಲ್ಯಾಣ ಮಂಟಪದ ಗಡಿಯಾರದ ಮಾತು.

ಆ ಗಡಿಯಾರವನ್ನು ಹಚ್ಚಿದವನು ನಾನೇ. ಅದಕ್ಕೂ ಮುಂಚೆ ಆ ಮಂಟಪದಲ್ಲಿ ಪ್ರತಿ ಮದುವೆಯಲ್ಲೂ ಒಂದು ಜಗಳ ಇದ್ದದ್ದೇ. ಲಗ್ನ ಮಾಡಿಸುವ ಅಯ್ಯನವರ ಕೈಗಡಿಯಾರ ಒಂದು ಹೇಳಿದರೆ ಬೀಗರದು ಮತ್ತೊಂದು ಹೇಳುತ್ತಿತ್ತು. ಇದರ ನಡುವೆ ಊಟದ ಅವಸರದ ಹಿಂದಿನ ಸಾಲಿನವರು ಯಾರ ಗಡಿಯಾರವನ್ನೂ ಕೇಳದೆ ಅಕ್ಕಿಕಾಳು ತೂರಿ, ಪಂಕ್ತಿ ಹಿಡಿಯಲು ಓಡುತ್ತಿದ್ದರು. ಒಂದು ಮದುವೆಯಲ್ಲಂತೂ ವರ ಇನ್ನೂ ಬೂಟು ಬಿಚ್ಚುತ್ತಿರುವಾಗಲೇ ಅಕ್ಷತೆ ಮುಗಿದಿತ್ತು. ನಾನು ವೇದಿಕೆಯ ಮೇಲಿನ ಗೋಡೆಗೆ ಗಡಿಯಾರ ಹಚ್ಚಿ, ಕೆಳಗಿಳಿದು ಮೀಸೆ ತಿರುವಿ, "ಸೂರ್ಯ ತಪ್ಪಿದ್ರೂ ಇದು ತಪ್ಪಂಗಿಲ್ಲ ನೋಡ್ರಿ" ಎಂದೆ. ಕಮಿಟಿಯವರು ಆ ಮಾತನ್ನು ಖರೆ ಎಂದೇ ಹಿಡಿದು ಬಾಗಿಲ ಪಕ್ಕದ ಗೋಡೆಗೆ ಬಣ್ಣದಲ್ಲಿ ಬರೆಸಿಬಿಟ್ಟರು: "ಮುಹೂರ್ತಕ್ಕೆ ಸಭಾಭವನದ ಗಡಿಯಾರವೇ ಪ್ರಮಾಣ. ಅಕ್ಷತೆಗೆ ಮುಂಚೆ ಊಟವಿಲ್ಲ." ಅಂದಿನಿಂದ ಇಲಕಲ್ಲಿನಲ್ಲಿ ಜನ ಅಯ್ಯನವರ ಬಾಯಿ ನೋಡುವುದನ್ನು ಬಿಟ್ಟು ಗಡಿಯಾರ ನೋಡಿ ಅಕ್ಕಿಕಾಳು ಹಾಕತೊಡಗಿದರು. ನನ್ನ ಹೆಮ್ಮೆಗೆ ಪಾರವಿರಲಿಲ್ಲ.

ನಾನು ಹೇಳುವ ಮದುವೆ ನನ್ನ ಗೆಳೆಯನ ಮಗಳದು. ಗೆಳೆಯ ನೇಕಾರರ ಮನೆತನದವನು, ಇಲಕಲ್ಲಿನಲ್ಲಿ ಪವರ್‌ಲೂಮು ಇಟ್ಟುಕೊಂಡಿದ್ದಾನೆ. ಸಾಲಿಯಲ್ಲಿ ಓದುವಾಗ ನಾವಿಬ್ಬರೂ ಒಂದೇ ಬೆಂಚಿನವರು. ಹೊತ್ತು ಎಂದರೆ ಅವನಿಗೆ ದೇವರು. ಮಗ್ಗದ ಮನೆಗೆ ಯಾರೇ ತಡವಾಗಿ ಬಂದರೂ ಏನೂ ಅನ್ನುವುದಿಲ್ಲ, ಬಂದವರ ಮುಖ ನೋಡಿ ತನ್ನ ಕೈಗಡಿಯಾರ ನೋಡುತ್ತಾನೆ. ಬೈದರೂ ಅದಕ್ಕಿಂತ ವಾಸಿ. ಆ ಕೈಗಡಿಯಾರವನ್ನು ಅವನು ಬಿಚ್ಚಿದ್ದನ್ನು ನಾನಂತೂ ಕಂಡಿರಲಿಲ್ಲ.

ಇಂಥ ಹೊತ್ತಿನ ಮನುಷ್ಯ ತನ್ನ ತಂಗಿಗೆ ಮಾತ್ರ ಒಮ್ಮೆ ತಡ ಮಾಡಿದ. ತಂಗಿಯನ್ನು ಬದಾಮಿಯ ಹತ್ತಿರ ಚೊಳಚಗುಡ್ಡಕ್ಕೆ ಕೊಟ್ಟಿತ್ತು. ಪಂಚಮಿ ಬಂತೆಂದರೆ ಅಣ್ಣನೇ ಹೋಗಿ ಕರೆತರಬೇಕು, ಅದು ನಮ್ಮ ಕಡೆ ಹೆಣ್ಣುಮಕ್ಕಳ ಹಕ್ಕು. ಆ ವರ್ಷ ಸೀರೆಯ ಆರ್ಡರಿನ ಗದ್ದಲದಲ್ಲಿ ಇವನು ಹೋಗಲಿಲ್ಲ. ಆಕೆ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ಕೂತದ್ದೇ ಕೂತದ್ದು. ನಾಗಪ್ಪನಿಗೆ ಹಾಲೆರೆದದ್ದಾಯಿತು, ಓಣಿಯ ಹುಡುಗಿಯರು ಜೋಕಾಲಿ ಜೀಕಿದ್ದೂ ಆಯಿತು. ಮರುದಿನ ಇವನು ಫೋನು ಮಾಡಿ, "ಬಸ್ ಹತ್ತಿ ಬಂದುಬಿಡು" ಎಂದ. ಆಕೆ, "ಕರಿಯಾಕ ಬರಲಾರದ ತವರಿಗೆ ನನ್ನ ಕಾಲು ಬರಂಗಿಲ್ಲ" ಎಂದಳು. ಇವನು, "ಹಂಗಾರ ಬ್ಯಾಡ ಬಿಡು" ಎಂದ. ಅಲ್ಲಿಗೆ ಅಣ್ಣತಂಗಿಯ ಮಾತು ನಿಂತಿತು. ಇಬ್ಬರದೂ ಒಂದೇ ಹಟ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ!

ನಡುವೆ ಸಿಕ್ಕವಳು ಮದುಮಗಳು. ಆಕೆ ಹೈಸ್ಕೂಲು ಓದಿದ್ದು ಚೊಳಚಗುಡ್ಡದಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು. ತಲೆ ಬಾಚಿದ್ದು, ಜಡೆ ಹಾಕಿದ್ದು, ಪರೀಕ್ಷೆಯ ಹಿಂದಿನ ರಾತ್ರಿ ಜೊತೆಗೆ ಎದ್ದು ಕೂತದ್ದು, ಎಲ್ಲ ಅತ್ತೆಯೇ. ಮದುವೆ ನಿಶ್ಚಯವಾದಾಗ ಗೆಳೆಯ ಚೊಳಚಗುಡ್ಡಕ್ಕೇನೋ ಹೋದ. ಆದರೆ ಬಾಗಿಲಲ್ಲೇ ತಂಗಿಯ ಗಂಡನ ಕೈಗೆ ಕಾರ್ಡು ಕೊಟ್ಟು, ಒಳಗೆ ಕಾಲಿಡದೆ, ತಂಗಿಗೆ ಕುಂಕುಮ ಕೊಟ್ಟು ಬಾ ಅನ್ನದೆ, ಬಂದ ಬಸ್ಸಿಗೇ ತಿರುಗಿ ಬಂದ. ಮದುಮಗಳು ದಿನಾ ಅತ್ತೆಗೆ ಫೋನು ಹಚ್ಚಿ ಅಳುತ್ತಿದ್ದಳು. ಅತ್ತೆ ಕಡೆಯ ದಿನದವರೆಗೂ ಬರುವುದಿಲ್ಲವೆಂದೇ ಹೇಳಿದಳು. ಮದುವೆಯ ದಿನ ಮುಂಜಾನೆ ಮಾತ್ರ ಫೋನು ಮಾಡಿ, "ಬಸ್ ಹತ್ತೀನವಾ" ಎಂದಳು.

ನನಗೆ ಆ ದಿನ ಎರಡು ಕೆಲಸವಿದ್ದವು, ಮದುವೆ ಊಟ ಮತ್ತು ಗಡಿಯಾರ. ಹಿಂದಿನ ದಿನವೇ ಮಂಟಪದ ಮ್ಯಾನೇಜರ್ ಫೋನು ಮಾಡಿ, "ಗಡಿಯಾರ ಮಬ್ಬ ಮಬ್ಬ ಉರಿಯಾಕತ್ತೇತಿ" ಎಂದಿದ್ದರು. ನಾನು ಹೊಸ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ಮೇಲೆ ಮದುವೆಗೆ ಉಡುಗೊರೆ ಕೊಡುವ ಆಹೇರಿಯ ಬಟ್ಟೆ ಮುಚ್ಚಿಕೊಂಡು ಬಂದಿದ್ದೆ. ಆದರೆ ಆ ಗಡಿಯಾರದ ಹಿಂಬಾಗಿಲು ತೆರೆಯುವುದು ವೇದಿಕೆಯ ಹಿಂದಿನ ಕೋಣೆಯಲ್ಲಿ. ಅಂದು ಅದು ಮದುಮಗಳ ಕೋಣೆ. ಬಾಗಿಲಲ್ಲಿ ಮೇಕಪ್ಪಿನ ಹೆಣ್ಣುಮಗಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಗಂಡಸರು ಒಳಗ ಬರಂಗಿಲ್ಲರಿ."

"ತಂಗೀ, ನಾ ಗಂಡಸು ಅಲ್ಲ, ಮೆಕ್ಯಾನಿಕ್" ಎಂದೆ.

"ಮೆಕ್ಯಾನಿಕ್ಕಿಗೆ ಮೀಸಿ ಯಾಕ ಅದಾವು?" ಎಂದು ಕದ ಹಾಕಿಕೊಂಡಳು.

ಉಪ್ಪಿಟ್ಟು, ಶಿರಾ ತಿನ್ನುತ್ತ ಗೆಳೆಯನ ಪಕ್ಕದಲ್ಲಿ ಕೂತೆ. "ತಂಗಿ ಬಸ್ ಹತ್ತ್ಯಾಳಂತ" ಎಂದು ಮೆಲ್ಲಗೆ ಕಿವಿಗೆ ಹಾಕಿದೆ. ಅವನು ಶಿರಾದಲ್ಲಿದ್ದ ಗೋಡಂಬಿಯನ್ನೇ ನೋಡುತ್ತ, "ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ಮುಹೂರ್ತ ಯಾರ ಸಲುವಾಗಿನೂ ನಿಲ್ಲಂಗಿಲ್ಲ" ಎಂದ. ಆಮೇಲೆ ಕೈಗಡಿಯಾರ ನೋಡಿದ. ನನಗೆ ಮೈಯೆಲ್ಲ ಉರಿಯಿತು, ಶಿರಾ ಚೆನ್ನಾಗಿತ್ತೆಂದು ಸುಮ್ಮನಾದೆ.

ಅಕ್ಷತೆ ಇದ್ದದ್ದು ಹನ್ನೆರಡು ಹನ್ನೊಂದಕ್ಕೆ. ಹನ್ನೆರಡು ಹೊಡೆಯುವ ಹೊತ್ತಿಗೆ ಮಂಟಪ ಗಿಜಿಗಿಜಿ ತುಂಬಿತ್ತು. ಎಲ್ಲರ ಕೈಗೂ ಅಕ್ಕಿಕಾಳು ಬಂದಿದ್ದವು. ವೀಡಿಯೊದವನು ತನ್ನ ದೊಡ್ಡ ದೀಪಗಳನ್ನು ಹಚ್ಚಿದ, ಆ ಹೊರೆಗೆ ಮಂಟಪದ ಫ್ಯಾನುಗಳೆಲ್ಲ ನಿಧಾನವಾದವು. ಕರೆಂಟು ಕುಗ್ಗಿತು ಎಂದು ನನಗೆ ಆಗಲೇ ತಿಳಿಯಿತು. ಗಡಿಯಾರ 12:07 ತೋರಿಸುತ್ತಿತ್ತು. ಮುಂದೆ ಬರುವುದು ಎಂಟು. ನಾನು ಮನಸ್ಸಿನಲ್ಲೇ ಬನಶಂಕರಿಗೆ ಕಾಯಿ ಹರಕೆ ಹೊತ್ತೆ.

ಎಂಟು ಬಂತು. ಬಂದದ್ದೇ ಗಡಿಯಾರ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ತೆರೆದಾಗ 12:00 ಎಂದು ತೋರಿಸಿತು.

ಹೀಗಾಗುವುದು ಯಾಕೆಂದರೆ, ಡಬ್ಬಿ ಕುಸಿದರೆ ಗಡಿಯಾರದ ತಲೆ ಒಮ್ಮೆ ಆರಿ ಹತ್ತುತ್ತದೆ. ಆರಿದಾಗ ಹೊತ್ತನ್ನು ನೆನಪಿಡಲು ಒಳಗೊಂದು ಗುಂಡಿಯಂಥ ಸಣ್ಣ ಬ್ಯಾಟರಿ ಇರುತ್ತದೆ. ಅದೂ ಸತ್ತಿದ್ದರೆ ಗಡಿಯಾರಕ್ಕೆ ಹಿಂದಿನದೆಲ್ಲ ಮರೆತು ಮತ್ತೆ ಹನ್ನೆರಡರಿಂದಲೇ ಶುರು. ಅಂದರೆ ಈ ಗಡಿಯಾರ ಇನ್ನು ಮುಂದೆ ಹನ್ನೆರಡರಿಂದ ಏಳು ನಿಮಿಷದವರೆಗೆ ನಡೆಯುತ್ತದೆ, ಎಂಟನ್ನು ಕಂಡು ಅಂಜಿ ಮತ್ತೆ ಹನ್ನೆರಡಕ್ಕೆ ಓಡುತ್ತದೆ. ಹನ್ನೆರಡು ಹನ್ನೊಂದು ಆ ಮಂಟಪದಲ್ಲಿ ಎಂದೂ ಬರುವುದಿಲ್ಲ.

ಮಂದಿ ಗುಜುಗುಜು ಶುರು ಮಾಡಿದರು. ಯಾರೋ ಫೋನು ಎತ್ತಿ ತೋರಿಸಿ, "ಇದರಾಗ ಹನ್ನೆರಡೂ ಒಂಬತ್ತ ಆಗೇತ್ರಿ" ಎಂದರು. ಆಗ ಎದ್ದು ನಿಂತವರು ವರನ ತಂದೆ, ನಮ್ಮ ಬೀಗರು. ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬರೆದದ್ದನ್ನು ಬಿಟ್ಟು ಬೇರೇನನ್ನೂ ನಂಬಿ ಗೊತ್ತಿಲ್ಲ. ಬಾಗಿಲ ಪಕ್ಕದ ಗೋಡೆಗೆ ಬೆರಳು ಮಾಡಿ, "ಅಲ್ಲಿ ಏನ್ ಬರದೈತಿ ಓದ್ರಿ. ಇಲ್ಲೀ ಗಡಿಯಾರನ ಪ್ರಮಾಣ" ಎಂದರು. ಮಂದಿಯೆಲ್ಲ ಗೋಡೆ ಓದಿದರು. ಬರೆದದ್ದು ಬರೆದದ್ದೇ. ಅಯ್ಯನವರು ಇನ್ನೊಂದು ಮಂಗಳಾಷ್ಟಕಕ್ಕೆ ಗಂಟಲು ಸರಿ ಮಾಡಿಕೊಂಡರು. "ಲಗ್ನದ ಗಳಿಗಿ ಇನ್ನಾ ಭಾಳ ಹೊತ್ತು ಐತಿ, ಗಾಬರಿ ಬ್ಯಾಡ" ಎಂದವರ ಮುಖದಲ್ಲಿ ಖುಷಿ ಕಾಣುತ್ತಿತ್ತು. ಗಡಿಯಾರ ಬಂದಾಗಿನಿಂದ ಅವರ ಹಾಡನ್ನು ಯಾರೂ ಪೂರ್ತಿ ಕೇಳಿರಲಿಲ್ಲ.

ಮ್ಯಾನೇಜರ್ ಬಂದು ನನ್ನ ರಟ್ಟೆ ಹಿಡಿದರು. "ಮಾರಾಯ್ರ, ಹಚ್ರಿ ಅದನ್ನ! ಮರ್ಯಾದಿ ಪ್ರಶ್ನೆ!" ಈ ಸಲ ಮೇಕಪ್ಪಿನವಳು ಬಾಗಿಲು ತೆರೆದಳು, ನಾನು ಒಳಗೆ ಹೋದೆ, ಮ್ಯಾನೇಜರ್ ಹೊರಗುಳಿದರು. ಮದುಮಗಳು ಕುರ್ಚಿಯ ಮೇಲೆ ಕೂತು ಮಡಿಲಲ್ಲಿ ಫೋನು ಹಿಡಿದಿದ್ದಳು. ನಾನು ಸ್ಟೂಲು ಹತ್ತಿ, ಗಡಿಯಾರದ ಹಿಂಬಾಗಿಲು ತೆಗೆದು, ಚೀಲದಿಂದ ಹೊಸ ಡಬ್ಬಿ ತೆಗೆದೆ. ಹಳೆಯದು ಕೈ ಸುಡುವಷ್ಟು ಕಾದಿತ್ತು.

"ಕಾಕಾ, ಹಚ್ಚಬ್ಯಾಡ್ರಿ" ಎಂದಳು ಮದುಮಗಳು.

ನಾನು ತಿರುಗಿ ನೋಡಿದೆ.

"ಅತ್ತಿ ಇನ್ನಾ ಬಂದಿಲ್ಲರಿ. ಹೊಸದ ಹಚ್ಚಿದ್ರ ಹೊತ್ತು ಮುಂದ ಹೋಗಿಬಿಡತೇತಿ. ನನ್ನ ತಲಿ ಮ್ಯಾಲ ಅಕ್ಕಿಕಾಳು ಬೀಳೂ ಮುಂದ ಅತ್ತಿ ಇರಬೇಕು. ಇರಲಿಲ್ಲಂದ್ರ ನಾಳೆ ಆಕಿ ತವರ ಬಾಗಲಾ ಜನ್ಮಕ್ಕ ತುಳಿಯಂಗಿಲ್ಲ, ನನಗ ಗೊತ್ತೈತಿ."

"ಬಸ್ ಬರಲಿಲ್ಲೇನು?"

"ಬಸ್ ಬಂತು. ಅತ್ತಿ ಬರಲಿಲ್ಲ." ಆಮೇಲೆ ಅಳುತ್ತಲೋ ನಗುತ್ತಲೋ ಹೇಳಿದಳು. ಅತ್ತೆಗೆ ಫೋನು ಹಚ್ಚಿದರೆ ಕಂಡಕ್ಟರ್ ಎತ್ತಿದ್ದನಂತೆ. "ಈ ಬ್ಯಾಗಿನ ಅಕ್ಕಾರು ಅಮೀನಗಡದಾಗ ಕರದಂಟು ತರಾಕ ಇಳದಿದ್ರು, ತಿರುಗಿ ಹತ್ತೇ ಇಲ್ಲ ನೋಡ್ರಿ. ನಾ ಅವರ ಗಂಟನ್ನ ಇಲಕಲ್ ಸ್ಟ್ಯಾಂಡಿನ್ಯಾಗ ಕೊಟ್ಟು ಹೋಗ್ತೇನಿ" ಎಂದನಂತೆ. ಜಗಳವಾಡಿದರೂ ತವರಿಗೆ ಬರಿಗೈಲಿ ಬರಬಾರದು ಎಂಬ ರೀತಿ ಬಿಡಲಿಲ್ಲ ಆ ಪುಣ್ಯಾತ್ಗಿತ್ತಿ. ಫೋನನ್ನೂ ಬ್ಯಾಗನ್ನೂ ಬಸ್ಸಿನಲ್ಲಿ ಬಿಟ್ಟು, ಆ ಊರಿನ ಹೆಸರಾದ ಸಿಹಿ ಕರದಂಟಿಗಾಗಿ ಪಾಳಿಯಲ್ಲಿ ನಿಂತಿದ್ದಾಳೆ.

ನಾನು ಸ್ಟೂಲಿನ ಮೇಲೆ ಡಬ್ಬಿ ಹಿಡಿದು ನಿಂತೆ. ಗೋಡೆಯ ಆಚೆ ಮಂದಿಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಗಡಿಯಾರ ಮತ್ತೆ ಏಳಕ್ಕೆ ಬಂದಿತ್ತು. ಹುಡುಗರೆಲ್ಲ ಕಬಡ್ಡಿ ನೋಡುವವರ ಹಾಗೆ "ಬಂತು, ಬಂತು, ಬಂತು" ಎಂದು ಕೂಗಿ, ಅದು ಹನ್ನೆರಡಕ್ಕೆ ಓಡಿದ್ದೇ "ಹೋತಲೇ!" ಎಂದರು. ಮಂಟಪವೆಲ್ಲ ನಕ್ಕಿತು. ಒಬ್ಬ ಹಿರಿಯನ ದನಿ ಕೇಳಿತು: "ಯಾವ ದಡ್ಡ ಸೂಳೇಮಗ ಹಚ್ಚ್ಯಾನೋ ಇದನ್ನ!"

ನನ್ನ ರಕ್ತ ಕುದಿಯಿತು. ಇಷ್ಟು ವರ್ಷದ ಕಸುಬು, ನಾನು ಕೈಯಿಟ್ಟ ಬೋರ್ಡು ಹಿಂದೆ ನೋಡಿದ್ದಿಲ್ಲ, ಮತ್ತು ಕೈಯಲ್ಲಿ ಹೊಸ ಡಬ್ಬಿ ಇದೆ. ನಾಲ್ಕು ಸ್ಕ್ರೂ, ನಾಲ್ಕು ತಂತಿ, ಅಷ್ಟೇ ಕೆಲಸ. "ಮಗಳ, ನನ್ನ ಹೆಸರು ಮಣ್ಣುಗೂಡಾಕತ್ತೇತಿ" ಎಂದೆ.

"ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ ಬಿಡ್ರಿ ಕಾಕಾ" ಎಂದಳು. ಮೇಕಪ್ಪಿನವಳು ಕಿಸಕ್ಕನೆ ನಕ್ಕಳು. ಆಕೆಯೂ ಅಷ್ಟರಲ್ಲಿ ಪಕ್ಷ ಬದಲಿಸಿದ್ದಳು. ಮ್ಯಾನೇಜರ್ ಕದ ಬಡಿದಾಗ, "ಮದುಮಗಳ ಕಾಡಿಗಿ ಅಳಸೇತಿ, ತಡೀರಿ!" ಎಂದು ಒಳಗಿನಿಂದಲೇ ಗದರಿದಳು.

ಮತ್ತೆ ಕದ ಬಡಿದ ಸದ್ದಾಯಿತು. ಈ ಸಲ ಗೆಳೆಯ. ತೆರೆಯಲೇಬೇಕಾಯಿತು. ಅವನು ಒಳಗೆ ಬಂದು ಕದ ಮುಚ್ಚಿ, ನನ್ನ ಕೈಯ ಡಬ್ಬಿ ನೋಡಿದ. ಬೈಗುಳ ಬರುತ್ತದೆಂದು ನಾನು ಬೈಗುಳ ಸಿದ್ಧ ಮಾಡಿಕೊಂಡೆ. ಅವನು ಕೈಗಡಿಯಾರ ನೋಡಿದ. ಹೊರಗಿನ ಲೋಕದಲ್ಲಿ ಮುಹೂರ್ತ ದಾಟಿ ಹೋಗಿತ್ತು, ಅವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು!

"ನಿಮ್ಮತ್ತಿ ಎಲ್ಲಿದ್ದಾಳು?" ಎಂದು ಮಗಳನ್ನು ಕೇಳಿದ. ಎಷ್ಟೋ ವರ್ಷದ ಮೇಲೆ ಅವನು ತಾನಾಗಿ ತಂಗಿಯ ಮಾತೆತ್ತಿದ್ದ.

"ಅಮೀನಗಡದಾಗ ಬಸ್ ಬಿಟ್ಟು ಹೋಗೇತಪ್ಪಾ. ಕರದಂಟು ತಗೊಳ್ಳಾಕ ಇಳದಿದ್ಲು."

"ಕರದಂಟು ಯಾರಿಗೆ?"

"ನಿನಗ. ಮತ್ಯಾರು ತಿಂತಾರ ಮನ್ಯಾಗ?"

ಅವನು ಕೈಗಡಿಯಾರ ಬಿಚ್ಚಿ ಅಂಗಿಯ ಕಿಸೆಗೆ ಹಾಕಿಕೊಂಡ. ನನ್ನ ಕಡೆ ತಿರುಗಿ, "ಲೇ, ನೀ ಹೊಸಾ ಡಬ್ಬಿ ಬಾಗಲಕೋಟ್ಯಾಗ ಮರತು ಬಂದೀ" ಎಂದ.

"ನಾ ಎಲ್ಲಿ ಮರತೇನಿ? ಕೈಯಾಗ ಐತಿ ನೋಡು, ಕಣ್ಣು ಹೋಗ್ಯಾವೇನು?"

"ಮರತೀ ಅಂದ್ರ ಮರತೀ. ಹೊರಗ ಹಂಗಂತ ಹೇಳ್ತೇನಿ."

"ಲೇ, ಸಾಮಾನು ಮರತು ಬರೂ ಮೆಕ್ಯಾನಿಕ್ಕಿಗೆ ನಾಳೆ ಯಾರು ಕೆಲಸ ಕೊಡ್ತಾರ? ನನ್ನ ಮರ್ಯಾದಿ?"

"ನಿನಗ ಮರ್ಯಾದಿ ಯಾವಾಗ ಇತ್ತಲೇ?" ಎಂದು ಹೊರಗೆ ಹೋದ.

ಹೋಗಿ ಹಾಗೆಯೇ ಹೇಳಿಬಿಟ್ಟ. "ಬಾಗಲಕೋಟಿ ಮೆಕ್ಯಾನಿಕ್ ಸಾಮಾನು ಮರತು ಬಂದಾನ್ರಿ, ಹಳೇದನ್ನ ಹೆಂಗಾರ ಮಾಡಿ ಜೀವಾ ಹಿಡಸಾಕತ್ತಾನ, ದಯಮಾಡಿ ತಡೀರಿ." ಮಂಟಪದಿಂದ ನನಗೆ ಬಂದ ಆಶೀರ್ವಾದಗಳನ್ನು ಇಲ್ಲಿ ಬರೆಯಲಾರೆ. ಯಾರೋ ಮತ್ತೆ ಫೋನಿನ ಹೊತ್ತು ಹೇಳಲು ಹೋದರೆ ಗೆಳೆಯ, "ಕನ್ಯಾ ಕೊಟ್ಟಾಂವ ನಾನೋ, ಫೋನ್ ಕಂಪನಿಯವರೋ?" ಎಂದು ಬಾಯಿ ಮುಚ್ಚಿಸಿದ. ಬೀಗರು ಗೋಡೆಯ ಬರಹಕ್ಕೆ ಅಂಟಿಕೊಂಡೇ ಕೂತಿದ್ದರು. ಆದರೆ ಅವರ ಹೊಟ್ಟೆಯೂ ಈಗ ಮಾತಾಡತೊಡಗಿತ್ತು, ಗೋಧಿ ಹುಗ್ಗಿಯ ವಾಸನೆ ಅಡುಗೆಮನೆಯಿಂದ ತೇಲಿ ಬರುತ್ತಿತ್ತು. ಕೂಸುಗಳೆಲ್ಲ ಕೈಯಲ್ಲಿದ್ದ ಅಕ್ಕಿಕಾಳು ಒಬ್ಬರ ಮೇಲೊಬ್ಬರು ಎರಚಿ ಮುಗಿಸಿದ್ದವು. ಹೆಣ್ಣುಮಕ್ಕಳು ಮತ್ತೊಮ್ಮೆ ಪರಾತದಲ್ಲಿ ಅಕ್ಕಿ ತಂದು ಹಂಚಿದರು. ಅಯ್ಯನವರಿಗೆ ಬರುತ್ತಿದ್ದ ಮಂಗಳಾಷ್ಟಕ ಮುಗಿದು, ಅವರೀಗ ಹುಡುಗನ ಮನೆತನದ ಗುಣಗಾನ ಮಾಡತೊಡಗಿದ್ದರು.

ಒಳಗೆ ನಾನು ಹಳೆಯ ಡಬ್ಬಿಯನ್ನೇ ನೋಡುತ್ತ ನಿಂತಿದ್ದೆ. ಈಗ ನನಗೆ ಬೇರೆಯೇ ಅಂಜಿಕೆ ಹುಟ್ಟಿತು. ಇದು ಪೂರ್ತಿ ಸತ್ತರೆ? ಗಡಿಯಾರ ಆರಿದರೆ ಬೀಗರಿಗೆ ಪ್ರಮಾಣ ಉಳಿಯುವುದಿಲ್ಲ, ಕೂಡಲೇ ಅಕ್ಷತೆ ಬೀಳುತ್ತದೆ.

ಎಂದೂ ಮಾಡದ ಕೆಲಸ ಮಾಡಿದೆ. ಮೇಕಪ್ಪಿನವಳ ಕೈಯಿಂದ ಬೀಸಣಿಕೆ ಇಸಕೊಂಡು ಆ ಕೆಟ್ಟ ಡಬ್ಬಿಗೆ ಗಾಳಿ ಹಾಕುತ್ತ ನಿಂತೆ. "ಇನ್ನೊಂದ ಸುತ್ತು ನಡಿ ನಮ್ಮಪ್ಪಾ, ಇನ್ನೊಂದ ಸುತ್ತು" ಎಂದು ಬೇಡಿಕೊಂಡೆ. ಡಬ್ಬಿಗಳನ್ನು ಬದುಕಿನುದ್ದಕ್ಕೂ ಬಿಚ್ಚಿ ಮೂಲೆಗೆ ಒಗೆದವನು ನಾನು, ಒಂದರ ಬಾಳಿಗಾಗಿ ಬೇಡಿಕೊಂಡದ್ದು ಅದೇ ಮೊದಲು.

ಗಡಿಯಾರ ಇನ್ನೂ ಎರಡು ಸುತ್ತು ಹೊಡೆದು 12:05ಕ್ಕೆ ಬಂದಿತ್ತು. ಹೊರಗೆ ಮೂರುಗಾಲಿಯ ಟಂಟಂ ಗಾಡಿಯ ಸದ್ದು, ಅದರ ಹಿಂದೆ ಒಂದು ಗುಲ್ಲು. ಮದುಮಗಳು ಎದ್ದು ನಿಂತಳು. ನಾನು ಕದ ಸರಿಸಿ ನೋಡಿದೆ. ನಡುದಾರಿಯಲ್ಲಿ ಆ ಹೆಣ್ಣುಮಗಳು ಬರುತ್ತಿದ್ದಳು, ತಲೆ ತುಂಬ ರಸ್ತೆಯ ಧೂಳು, ಎದೆಗೆ ಅವಚಿದ ಕರದಂಟಿನ ಡಬ್ಬ. ವೇದಿಕೆಯ ಬುಡದಲ್ಲಿ ಅಣ್ಣ ನಿಂತಿದ್ದ. ಆಕೆ ಅವನ ಎದುರು ಬಂದು ನಿಂತು ಮೊದಲು ಗಡಿಯಾರ ನೋಡಿದಳು. ಗಲ್ಲ ಎತ್ತಿ, "ಯಾರೂ ಕರಿಯಾಕ ಬರಲಿಲ್ಲ, ಆದ್ರೂ ನಾ ಹೊತ್ತಿಗೆ ಸರಿಯಾಗಿ ಬಂದೇನಿ" ಎಂದಳು.

"ಹೌದವಾ. ಸರಿಯಾಗಿ ಬಂದಿ" ಎಂದ ಅವನು. ಡಬ್ಬ ಇಸಕೊಳ್ಳಲು ಕೈ ಚಾಚಿದ. ಬಿಸಿಲಿಗೆ ಕರ್ರಗಾದ ಆ ಕೈಯಲ್ಲಿ ಕೈಗಡಿಯಾರ ಇದ್ದ ಜಾಗವೊಂದೇ ಬೆಳ್ಳಗಿತ್ತು. ಆಕೆ ಅದನ್ನು ನೋಡಿದಳು, ಮತ್ತೊಮ್ಮೆ ಗಡಿಯಾರ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಮದುಮಗಳ ಕೋಣೆಗೆ ಬಂದಳು.

ಒಳಗೆ ಅತ್ತೆ ಸೊಸೆ ಅಪ್ಪಿಕೊಂಡು ಅತ್ತದ್ದರಲ್ಲಿ ಕಾಡಿಗೆ ಈಗ ಖರೆ ಅಳಿಸಿತು. ನನಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ. ಸ್ವಿಚ್ಚು ಆರಿಸಿ, ಸ್ಕ್ರೂ ಬಿಚ್ಚಿ, ಹೊಸ ಡಬ್ಬಿ ಹಚ್ಚಿ, ಗುಂಡಿ ಬ್ಯಾಟರಿಯನ್ನೂ ಬದಲಿಸಿದೆ. ಗಡಿಯಾರ ಕಪ್ಪಾದದ್ದಕ್ಕೆ ಆಚೆ ಹಾಹಾಕಾರ ಎದ್ದಿತು. ಅತ್ತೆ ಮದುಮಗಳ ಕೈ ಹಿಡಿದು ವೇದಿಕೆಗೆ ನಡೆದಾಗ ನಾನು ಹೊತ್ತನ್ನು 12:07ಕ್ಕೆ ಹಚ್ಚಿ ಸ್ವಿಚ್ಚು ಹಾಕಿದೆ.

ಅಂಕಿಗಳು ಕಣ್ಣು ಕುಕ್ಕುವ ಹಾಗೆ ಹತ್ತಿದವು. ಮಂಟಪ ಉಸಿರು ಹಿಡಿಯಿತು. ಎಂಟು ಬಂತು, ನಿಂತಿತು. ಒಂಬತ್ತು ಬಂದಾಗ ಎದ್ದ ಚಪ್ಪಾಳೆ, ಸಿಳ್ಳೆ ಯಾವ ಮದುವೆಯಲ್ಲೂ ನಾನು ಕೇಳಿಲ್ಲ. ಹನ್ನೊಂದಕ್ಕೆ ಅಕ್ಕಿಕಾಳು ಬಿದ್ದವು. ಅರ್ಧ ಮದುಮಕ್ಕಳ ಮೇಲೆ, ಅರ್ಧ ಗಡಿಯಾರದ ಮೇಲೆ. ಮಂದಿಯೆಲ್ಲ ಹುಗ್ಗಿಯ ಪಂಕ್ತಿಗೆ ನುಗ್ಗಿದ ಮೇಲೆ ನಾನು ಗಡಿಯಾರವನ್ನು ಖರೆ ಹೊತ್ತಿಗೆ ತಂದೆ. ಒಬ್ಬರೂ ತಲೆಯೆತ್ತಿ ನೋಡಲಿಲ್ಲ.

ಸಂಜೆ ಹೊರಡುವಾಗ ಅಣ್ಣನ ಹೆಂಡತಿ ತಂಗಿಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ, ತವರಿನಿಂದ ಹೋಗುವ ಹೆಣ್ಣುಮಗಳ ಸೆರಗಿಗೆ ಬೀಳಬೇಕಾದದ್ದೆಲ್ಲ ಬಿತ್ತು. ಆಕೆ ಸೆರಗು ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಅಣ್ಣಾರ, ನೀವು ಬಿಚ್ಚಿದ ಆ ಕೆಟ್ಟ ಡಬ್ಬಿ ಎಲ್ಲೈತ್ರಿ?"

"ಚೀಲದಾಗ ಐತಿ. ಯಾಕವಾ? ಅದು ಯಾತಕ್ಕೂ ಬರಂಗಿಲ್ಲ."

"ಇದರಾಗ ಹಾಕ್ರಿ" ಎಂದಳು. "ಟಂಟಂನಾಂವನ ಫೋನಿನ್ಯಾಗ ಹನ್ನೆರಡೂವರಿ ದಾಟಿತ್ತು, ನಾ ಹಾದಿ ತುಂಬ ಅಳಕೋತ ಬಂದೆ. ಪಂಚಮಿಗೆ ಒಬ್ಬಾಕಿನ್ನ ಕರಿಯಾಕ ಬರಲಾರದಾಂವ ಇಡೀ ಊರನ್ನ ಉಪವಾಸ ಕೂಡ್ರಿಸ್ಯಾನಲ್ಲರಿ ನನ್ನ ಸಲುವಾಗಿ!" ಅಣ್ಣ ಅಲ್ಲೇ ನಿಂತಿದ್ದ, ಬಾಯಲ್ಲಿ ಕರದಂಟು ತುಂಬಿಕೊಂಡು ಮಾತಾಡಲಾಗದವನಂತೆ ನಟಿಸುತ್ತಿದ್ದ. ನಾನು ಕೊಬ್ಬರಿ ಬಟ್ಟಲಿನ ಪಕ್ಕದಲ್ಲಿ ಆ ಸುಟ್ಟ ಡಬ್ಬಿಯನ್ನು ಇಟ್ಟೆ. ನನ್ನ ಧಂದೆಯ ಸಾಮಾನು ಒಂದು ಹೆಣ್ಣುಮಗಳ ಉಡಿ ಸೇರಿದ್ದು ನೋಡಿ, ಎಲ್ಲರೆದುರು ನನಗೂ ಕಣ್ಣೀರು ಬಂತು. ಅದನ್ನು ಕಂಡ ಮ್ಯಾನೇಜರ್, ಸಾಮಾನು ಮರೆತು ಬಂದ ನಾಚಿಕೆಗೆ ಅಳುತ್ತಿದ್ದೇನೆಂದು ತಿಳಿದು ಸಮಾಧಾನ ಮಾಡಿದರು.

ಆ ವರ್ಷದ ಪಂಚಮಿಗೆ ಗೆಳೆಯ ಕರೆಯಲು ತಾನೇ ಹೊರಟ. ಒಬ್ಬನೇ ಹೋಗಲು ಅಂಜಿಕೆಯೆಂದು ಬದಾಮಿಯಲ್ಲಿ ಪೆಟ್ರೋಲ್ ಬಂಕಿನ ಬೋರ್ಡು ನೋಡುತ್ತಿದ್ದ ನನ್ನನ್ನೂ ಎಳೆದುಕೊಂಡು ನಡೆದ. ಚೊಳಚಗುಡ್ಡದ ಮನೆಯಲ್ಲಿ ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ನನ್ನ ಡಬ್ಬಿ ಇತ್ತು, ಮೇಲೊಂದು ಕುಂಕುಮದ ಬೊಟ್ಟು. ತಂಗಿ ಚೀಲ ಕಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದಳು. ಅಣ್ಣನನ್ನು ಕಂಡು ಏಳಲಿಲ್ಲ, ಮುಖ ಮಾತ್ರ ಬಿಗಿ ಮಾಡಿಕೊಂಡಳು.

"ಮುಂಜಾನಿಂದ ಕುಂತೇನಿ. ಇಷ್ಟ್ಯಾಕ ತಡಾ ಮಾಡ್ದಿ?"

ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಬರಿಗೈಯ ಮಣಿಕಟ್ಟನ್ನು ಎತ್ತಿ ನೋಡಿಕೊಂಡು ಹೇಳಿದ:

"ತಡಾ ಎಲ್ಲೈತಿ ತಂಗಿ? ಇನ್ನಾ ಹನ್ನೆರಡೂ ಏಳ ಆಗೇತಿ."